ಕಿಟಕಿ ಜಗಳ

ನೆವೆನಾ ಕಿಟಕಿ ತೆಗೆದಳು. ಅಜ್ಜಿ ಮುಚ್ಚಿದಳು. ನೆವೆನಾ ಮತ್ತೆ ತೆಗೆದಳು.

"ಏಯ್! ಆ ಕಡೆ ಬಾಗಿಲೂ ತೆರೆದಿದೆ. ಎದುರುಬದುರು ಗಾಳಿ ಹೊಡೆದ್ರೆ ಸೊಂಟ ಹಿಡ್ಕೊಳ್ಳುತ್ತೆ, ಕಿವಿ ಸೋರುತ್ತೆ, ಮನೆ ಮಂದಿಯೆಲ್ಲ ಮಲಗ್ತೀವಿ!"

"ಅಜ್ಜೀ, ಡಾಕ್ಟರೇ ಹೇಳಿದಾರೆ. ಅಮ್ಮನಿಗೋಸ್ಕರ ಗಾಳಿ ಆಡ್ತಾ ಇರಬೇಕಂತೆ. ವೈರಸ್ ಹೊರಗೆ ಹೋಗುತ್ತಂತೆ."

"ಆ ಡಾಕ್ಟರನ್ನ ಅಜ್ಜಿ ಸಾಕಿಲ್ಲ ಅಂತ ಕಾಣುತ್ತೆ," ಎಂದು ಅಜ್ಜಿ ಚಿಲಕ ಹಾಕಿದಳು.

ಅವರಿದ್ದ ನಿಶ್ ಊರಿನಲ್ಲಿ ಎದುರುಬದುರು ಗಾಳಿಗೆ ಹೆದರದ ಅಜ್ಜಿಯೇ ಇಲ್ಲ. ಬೇಸಿಗೆಯ ಬಸ್ಸಿನಲ್ಲೂ ಬೆವರು ಒರೆಸಿಕೊಳ್ಳುತ್ತ ಕಿಟಕಿ ಮುಚ್ಚಿಸುತ್ತಾರೆ. ಈ ಸ್ಟಾನಿಯಾ ಅಜ್ಜಿ ಅವರೆಲ್ಲರಿಗಿಂತ ಒಂದು ಕೈ ಮೇಲು. ಮಗಳಿಗೆ, ಅಂದರೆ ನೆವೆನಾಳ ಅಮ್ಮನಿಗೆ, ತನ್ನದೊಂದು ಕಿಡ್ನಿ ಕೊಡಲು ಹೆದರದವಳು ಕಿಟಕಿಗೆ ಹೆದರುತ್ತಾಳೆ!

ಆ ಕಿಡ್ನಿ ಹೊರಗಿನದೆಂದು ಅಮ್ಮನ ಮೈ ಜಗಳ ತೆಗೆಯಬಾರದಲ್ಲ, ಅದಕ್ಕೆ ದಿನಾ ಮಾತ್ರೆ. ಮಾತ್ರೆ ಮೈಯ ಕಾವಲನ್ನೇ ಮಲಗಿಸಿಬಿಟ್ಟಿದೆ. ಲಸಿಕೆ ಹಾಕಿಸಿದರೂ ಕೆಲಸ ಮಾಡುವುದಿಲ್ಲ. ಚಳಿಗಾಲ ಬಂತೆಂದರೆ ಅಮ್ಮ ಒಳಕೋಣೆಯಲ್ಲಿ, ಶಾಲೆಯಿಂದ ಶೀತ ಹೊತ್ತು ತರುವ ನೆವೆನಾ ಹೊಸಿಲಿನ ಈಚೆ. ಅಮ್ಮನನ್ನು ಅಪ್ಪಿಕೊಂಡು ಎಷ್ಟು ಕಾಲವಾಯಿತೋ!

ಈಗ ಹೊಸ ಇಂಜೆಕ್ಷನ್ ಒಂದು ಬಂದಿತ್ತು. ಇನ್ನೂ ಪ್ರಯೋಗದಲ್ಲಿತ್ತು. ವೈರಸ್ಸನ್ನು ತಡೆಯುವ ಪ್ರತಿಕಾಯ ಮಾಡಲು ಬೇಕಾದ ಜೀನನ್ನು ತೊಡೆಯೊಳಗೆ ಸೇರಿಸಿದರೆ, ತೊಡೆಯ ಸ್ನಾಯುವೇ ಆ ಪ್ರತಿಕಾಯವನ್ನು ಮಾಡುತ್ತಾ ಹೋಗುತ್ತದಂತೆ.

"ಅದೊಂದು ಹಾಕಿಸ್ಕೊಂಡುಬಿಡ್ತೀನಿ, ಆಮೇಲೆ ನಿನ್ನನ್ನ ಬಿಡೋದೇ ಇಲ್ಲ ನೋಡು," ಎಂದಿದ್ದಳು ಅಮ್ಮ, ಮಾಸ್ಕಿನೊಳಗಿಂದಲೇ. ಅದು ಅವಳಿಗೆ ಹೊಂದುತ್ತದೋ ಎಂದು ನೋಡಲು ರಕ್ತಪರೀಕ್ಷೆಯೂ ಆಗಿತ್ತು.

ಫೋನ್ ಬಂತು. ಅಜ್ಜಿ ಸ್ಪೀಕರ್ ಹಾಕಿದಳು.

"ಬೇಜಾರಿನ ಸುದ್ದಿ," ಎಂದರು ಡಾಕ್ಟರ್. "ಜೀನನ್ನ ಹೊತ್ತುಕೊಂಡು ಹೋಗೋದು ಒಂದು ಸಾಧು ವೈರಸ್. ಏನೂ ತೊಂದರೆ ಮಾಡಲ್ಲ. ಆದರೆ ಅದು ನಿಮ್ಮ ಮಗಳಿಗೆ ಹಿಂದೆಯೇ ಒಮ್ಮೆ ತಗುಲಿದೆ. ಆಗ ಮೈ ಮಾಡಿಟ್ಟ ಪ್ರತಿಕಾಯ ರಕ್ತದಲ್ಲಿ ಇನ್ನೂ ಇದೆ. ನಾವು ಹಾಕಿದ್ರೂ ಅದನ್ನ ದಾರೀಲೇ ಹೊಡೆದುಹಾಕುತ್ತೆ. ಈ ಇಂಜೆಕ್ಷನ್ ಅವರಿಗೆ ಆಗಲ್ಲ."

ನೆವೆನಾ ಫೋನಿನತ್ತ ಬಾಗಿದಳು. "ನನ್ನಿಂದ ತಗುಲಿದ್ದಾ?"

"ಇಲ್ಲ ಮಗೂ. ಅವರು ಚಿಕ್ಕವರಿದ್ದಾಗ."

"ಬೇರೆ ಯಾವುದಾದ್ರೂ?" ಎಂದಳು ಅಜ್ಜಿ.

"ಸದ್ಯಕ್ಕೆ ಯಾವುದೂ ಇಲ್ಲಮ್ಮಾ."

ಒಳಕೋಣೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ನೆವೆನಾ ಹೊಸಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಕೈ ಚಾಚಿದಳು. ಮತ್ತೆ ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು.

ಸಂಜೆ ಹಿಮ ಬೀಳತೊಡಗಿತು. ಕಿಟಕಿಗಾಗಿ ಜಗಳವಾಡುವ ಮನಸ್ಸೂ ನೆವೆನಾಗೆ ಇರಲಿಲ್ಲ.

ಅಜ್ಜಿ ಎದ್ದಳು. ಕೋಟು ತೊಟ್ಟಳು. ಕಿವಿ ಮುಚ್ಚುವಂತೆ ತಲೆಗೆ ವಸ್ತ್ರ ಬಿಗಿದಳು. ಅಂಗಡಿಗೆ ಹೊರಟಳೇನೋ ಎಂದುಕೊಂಡಳು ನೆವೆನಾ. ಆದರೆ ಅಜ್ಜಿ ನೇರ ಕಿಟಕಿಯ ಬಳಿ ಹೋಗಿ, ಚಿಲಕ ತೆಗೆದು, ಅಗಲವಾಗಿ ತೆರೆದಳು. ಆಮೇಲೆ "ಇನ್ನು ಇದೊಂದೇ ತಾನೇ ಉಳಿದಿರೋದು," ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಗಾಳಿಗೆ ಮುಖ ಕೊಟ್ಟು ಕೂತಳು.

ನೆವೆನಾ ಗೆದ್ದಿದ್ದಳು. ಸೋತಿದ್ದರೇ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ತನ್ನ ಕೋಟು ಹಾಕಿಕೊಂಡು ಬಂದು, ಅಜ್ಜಿಯ ಪಕ್ಕ ಕೂತಳು.