2093ಕ್ಕೆ ಪ್ರವೇಶವಿಲ್ಲ

2024ರ ನವೆಂಬರ್ 12, ಮಂಗಳವಾರ, ಬೆಳಗ್ಗೆ 11.20. ಸಿಂದಗಿಯ ಠಾಣೆಗೆ ಬಂದ ಹೆಣ್ಣುಮಗಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಆಕೆ ಬರೆದ ದೂರು, ಇನ್ನೊಂದು ಆಕೆಗೆ ಬಂದ ನೋಟಿಸು. ಹೆಡ್ ಕಾನ್‌ಸ್ಟೆಬಲ್ ರಸೂಲಸಾಬ ನೋಟಿಸನ್ನೇ ಮೊದಲು ಓದಿದ. ಬಸ್ ನಿಲ್ದಾಣದ ಎದುರಿನ ಖಾಸಗಿ ಸೇವಾ ಕೇಂದ್ರದ ಮಾಲೀಕ ಶ್ರೀಶೈಲ ಬರೆದದ್ದು: ನೀವು ಕೂತ ದಿನ ಬೆರಳಚ್ಚು ಯಂತ್ರ ನಡೆಯುತ್ತಿಲ್ಲ, ಶನಿವಾರದೊಳಗೆ ಸರಿಹೋಗದಿದ್ದರೆ ಕೆಲಸ ಬಿಡತಕ್ಕದ್ದು.

"ಮಷೀನ್ ಕೆಟ್ರ ರಿಪೇರಿಯವರ ಹತ್ರ ಹೋಗಬೇಕವ್ವ. ಠಾಣೆದಾಗ ಸ್ಕ್ರೂಡ್ರೈವರ್ ಇಲ್ಲ."

"ಕೆಟ್ಟಿಲ್ರಿ. ನಾ ಕೂತ ದಿನ ನಡೆಯಂಗಿಲ್ಲ, ಜಯತೀರ್ಥ ಸರ್ ಕೂತ ದಿನ ನಡೀತೈತಿ. ಯಾರೋ ಮಾಡ್ಯಾರ್ರಿ."

"ಮಂದಿ ಏನಂತಾರ?"

"ನನ್ನ ಕೈಗುಣ ಸರಿ ಇಲ್ಲಂತ್ರಿ."

ಆಕೆ ಸುನಂದಾ. ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲ ಪರಪ್ಪನ ಮಗಳು. ನಾಲ್ಕು ವರ್ಷ ಆ ಕೇಂದ್ರದಲ್ಲಿ ಮುದುಕ ಮುದುಕಿಯರ ಬೆರಳು ಹಿಡಿದು ಪಿಂಚಣಿ ಉಳಿಸಿಕೊಟ್ಟವಳು. ನವೆಂಬರ್ ಎಂದರೆ ಪಿಂಚಣಿಯವರು ತಾವಿನ್ನೂ ಬದುಕಿದ್ದೇವೆಂದು ಬೆರಳೊತ್ತಿ ಸಾಬೀತು ಮಾಡಬೇಕಾದ ತಿಂಗಳು. ಅದೇ ತಿಂಗಳು ಯಂತ್ರ ಮುನಿಯಿತು. ಗಂಡಸಿನ ಕೈಯಲ್ಲಿ ಯಂತ್ರ ನಿಂತರೆ ತಪ್ಪು ಯಂತ್ರದ್ದು, ಹಮಾಲನ ಮಗಳ ಕೈಯಲ್ಲಿ ನಿಂತರೆ ತಪ್ಪು ಕೈಯದು. ಇಡೀ ಪೇಟೆಗೆ ಈ ತೀರ್ಪು ಕೊಡಲು ಒಂದು ವಾರವೂ ಬೇಕಾಗಲಿಲ್ಲ.

ಇನ್ಸ್‌ಪೆಕ್ಟರ್ ದುಂಡೇಶ ದೂರು ಓದಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಿಸಿದರು. ಆಮೇಲೆ ಹೇಳಿದ ಮಾತು ರಸೂಲಸಾಬನ ಎದೆಗೆ ಖಾರ ಸವರಿದಂತಾಯಿತು.

"ಯಂತ್ರ ಶುಭಾ ನೋಡ್ಲಿ. ರಸೂಲಸಾಬ್ರ, ಆಕಿ ಹೇಳಿದಂಗ ನೀವು ಪಂಚನಾಮಾ ಬರೀರಿ."

ಶುಭಾ ಮೂರು ವರ್ಷದ ಸರ್ವೀಸಿನ ಕಾನ್‌ಸ್ಟೆಬಲ್. ಸೈಬರ್ ತರಬೇತಿ ಮುಗಿಸಿ ಬಂದು ತಿಂಗಳಾಗಿತ್ತು. ಆ ತರಬೇತಿಗೆ ರಸೂಲಸಾಬನೂ ಅರ್ಜಿ ಹಾಕಿದ್ದ. ವಯಸ್ಸಿನ ಕಾರಣಕ್ಕೆ ವಾಪಸ್ಸು ಬಂದಿತ್ತು. ಪಂಚನಾಮಾ ಬರೆಯುವುದನ್ನು ಆಕೆಗೆ ಕಲಿಸಿದವನೇ ಅವನು.

ನವೆಂಬರ್ 13, ಬೆಳಗ್ಗೆ 10.05. ಚಹಾದಂಗಡಿಯ ಅಯೂಬ ಮತ್ತು ಜೆರಾಕ್ಸ್ ಅಂಗಡಿಯ ಜೈನುದ್ದೀನ ಪಂಚರು. ಕೇಂದ್ರದಲ್ಲಿ ಕಂಪ್ಯೂಟರ್ ಒಂದೇ. ಸೋಮ, ಬುಧ, ಶುಕ್ರ ಅಲ್ಲಿನ ಹಿರಿಯ ಕೆಲಸಗಾರ ಜಯತೀರ್ಥ ಕೂರುತ್ತಾನೆ. ಉಳಿದ ಮೂರು ದಿನ ಸುನಂದಾ. ಬೆರಳೊತ್ತಿಸುವ ಸಾಧನ ಮಾತ್ರ ಇಬ್ಬರಿಗೂ ಬೇರೆಬೇರೆ. ಕೂತವರು ತಮ್ಮದನ್ನು ಜೋಡಿಸಿ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಶುಭಾ ಡಿಸ್ಕಿನ ನಕಲು ತೆಗೆದು, ಮೂಲಕ್ಕೆ ಸೀಲ್ ಹಾಕಿಸಿ, ನಕಲನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು.

"ನಮ್ಮಂಥಾ ಹಳೇ ಮಂದೀಗೆ ತಿಳಿಯೂಹಂಗ ಹೇಳ್ರಿ, ಸೈಬರ್ ಬಾಯಾರ," ಎಂದ ರಸೂಲಸಾಬ.

ಶುಭಾ ಚುಚ್ಚುಮಾತನ್ನು ಕೇಳಿಸಿಕೊಳ್ಳದವಳಂತೆ ಹೇಳಿದಳು. "ಮುಂಜಾನೆ ನೀವು ಠಾಣೆದಾಗ ಹಾಜರಿ ಕರೀತೀರಲ್ರಿ, ಹಂಗ. ಸ್ವಿಚ್ ಒತ್ತಿದ ಕೂಡ್ಲೆ ಇದು ತನಗ ಏನೇನ್ ಹತ್ತ್ಯಾವ ಅಂತ ಹುಡುಕತೈತಿ. ಕೀಬೋರ್ಡ್, ಪ್ರಿಂಟರ್, ಬೆರಳಿಂದು, ಒಂದೊಂದೂ ತನ್ನ ಕಂಪನಿ, ತನ್ನ ನಂಬರ್ ಹೇಳತೈತಿ. ಆಮ್ಯಾಲೆ ನಿಯಮದ ಕಡತ ತಗದು ನೋಡಿ, ಯಾರಿಗೆ ಯಾವ ಹೆಸರು, ಯಾವ ಕೆಲಸ ಅಂತ ಹಚ್ಚತೈತಿ. ನಡುವ ತಂದು ಜೋಡಿಸಿದ್ರೂ ಅದ ರೀತಿ."

"ತಡಾ ಮಾಡಿ ಬಂದವರಿಗೂ ಹಾಜರಿ ಐತಿ ಅಂದಂಗಾತು. ನಮ್ಮ ಸಾಹೇಬ್ರಕಿಂತ ಚಲೋ ಐತಿ ತಗಿ."

ಅಯೂಬ ನಕ್ಕ. ಶುಭಾ ತೆರೆಯ ಮೇಲೆ ಬೆರಳಿಟ್ಟಳು. "ಅದನ್ನೆಲ್ಲಾ ಬರದಿಡತೈತ್ರಿ. ನಿನ್ನೆ 9.31ಕ್ಕ ನೋಡ್ರಿ. ಬೆರಳಿನ ಸಾಧನ, ನಂಬರ್ 2093, ಬಂತು, ಗುರುತು ಸಿಕ್ತು. ಮುಂದಿನ ಸಾಲು: ಬಳಕೆಗೆ ಅನುಮತಿ ಇಲ್ಲ. ನಿಯಮದ ಕಡತದಾಗ ಯಾರೋ ಒಂದ ಸಾಲು ಸೇರಿಸ್ಯಾರ. 2093 ಬಂದ್ರ ಒಳಗ ಬಿಡಬ್ಯಾಡ ಅಂತ."

ರಸೂಲಸಾಬ ಬರೆಯುವುದನ್ನು ನಿಲ್ಲಿಸಿದ. ಕೆಟ್ಟ ಯಂತ್ರ ಯಾರ ಹೆಸರನ್ನೂ ಕೇಳುವುದಿಲ್ಲ. ಇದು ಹೆಸರು ಕೇಳಿ, ಗುರುತು ಹಿಡಿದು, ಆಮೇಲೆ ಬಾಗಿಲು ಹಾಕಿತ್ತು. ಅಂಥ ಬುದ್ಧಿ ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ಮನುಷ್ಯರೇ ಕಲಿಸಬೇಕು.

ಕಡತ ಕೊನೆಗೆ ತಿದ್ದಿದ್ದು ಅಕ್ಟೋಬರ್ 29, ಬೆಳಗ್ಗೆ 9.26. ಅದೇ ದಿನ 9.18ಕ್ಕೆ ಇನ್ನೊಂದು ದಾಖಲೆಯಿತ್ತು: ನಂಬರ್ 4417, ಅನುಮತಿ ಇಲ್ಲ. 9.29ಕ್ಕೆ ಅದೇ 4417ಕ್ಕೆ ಅನುಮತಿ ಸಿಕ್ಕಿತ್ತು. ಮೊದಲು ಒಂದನ್ನು ತಡೆದು, ಎಂಟು ನಿಮಿಷದಲ್ಲಿ ಮನಸ್ಸು ಬದಲಿಸಿ ಇನ್ನೊಂದನ್ನು ತಡೆದವರು ಯಾರು?

ಅಷ್ಟರಲ್ಲಿ ಕೇಂದ್ರಕ್ಕೆ ಬಂದ ದುಂಡೇಶ ಸುನಂದಾಳನ್ನು ಕರೆಸಿ, ಯಾವ ಸಾಧನ ಯಾರಿಗೆಂದು ಬರೆದಿಟ್ಟ ಸಾಮಾನು ಪುಸ್ತಕ ತರಿಸಿದರು. 4417, ಸುನಂದಾ. 2093, ಜಯತೀರ್ಥ. ಅವರ ಹುಬ್ಬು ಗಂಟಿಕ್ಕಿತು.

"ತಡದಿದ್ದು ಜಯತೀರ್ಥರ ನಂಬರ್. ಅವರದು ತಡ್ಯಾಕ ಹೋಗಿ ನೀನ ಸಿಗಬಿದ್ದಿ ಏನವ್ವ?"

ದೂರು ಕೊಟ್ಟವಳೇ ಆರೋಪಿಯಾಗುವ ಗಳಿಗೆ ಅದು. ನೌಕರಿ ಹೋಗುವುದರ ಜೊತೆಗೆ ಹೆಸರೂ ಹೋಗುವುದರಲ್ಲಿತ್ತು. ರಸೂಲಸಾಬ ಎದ್ದ. ತೆರೆಯ ಮೇಲಿನ ಸಾಲುಗಳು ಅವನಿಗೆ ತಿಳಿಯುತ್ತಿರಲಿಲ್ಲ, ಆದರೆ ಮೂವತ್ತು ವರ್ಷ ನೋಡಿದ ಪುಸ್ತಕಗಳಲ್ಲಿ ಬರೆದದ್ದೆಲ್ಲ ಇದ್ದಂತೆ ಇರುವುದಿಲ್ಲವೆಂಬುದು ತಿಳಿದಿತ್ತು. ಮೇಜಿನ ಮೇಲಿದ್ದ ಎರಡೂ ಸಾಧನಗಳನ್ನು ಬೋರಲು ಹಾಕಿ, ತಳದ ಚೀಟಿ ಓದಿದ.

"ನಿಂದು ಯಾವುದವ್ವ?"

ಆಕೆ ಗಾಜು ಗೀಚಿಹೋದ ಹಳೆಯದನ್ನು ತೋರಿಸಿದಳು. ಅದರ ತಳದಲ್ಲಿ 2093.

"ಪುಸ್ತಕದಾಗ ನಿನಗ ಹೊಸಾದು ಐತಲ್ಲ?"

"ಬಂದದ್ದು ನನಗ್ರಿ. ಹಿರಿಯಾಂವ ನಾ, ಹೊಸಾದು ನನಗಿರ್ಲಿ ಅಂತ ಸರ್ ತಗೊಂಡ್ರು. ಪುಸ್ತಕ ಯಾರೂ ತಿದ್ದಲಿಲ್ಲ."

ಶುಭಾ ತಟ್ಟನೆ ತಿರುಗಿದಳು. "ಹಂಗಾದ್ರ ಸುನಂದಾನ ನಂಬರ್ ಅಂತ ಪುಸ್ತಕ ನೋಡಿ ತಡದಾವ್ರು, ತಮ್ಮದ ಸಾಧನ ತಡದಾರ. ನಡೀಲಿಲ್ಲ ಅಂತ ಗಾಬರಿಯಾಗಿ 4417 ಅಳಿಸಿ 2093 ಬರದಾರ."

ನವೆಂಬರ್ 14, ಸಂಜೆ 4.10, ಠಾಣೆ. ಜಯತೀರ್ಥನಿಗೆ ಐವತ್ತಾರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು.

"ಅಕ್ಟೋಬರ್ ಇಪ್ಪತ್ತೊಂಬತ್ತಕ್ಕ ಎಲ್ಲಿದ್ರಿ?" ದುಂಡೇಶ ಕೇಳಿದರು.

"ಮನ್ಯಾಗ. ಮಂಗಳವಾರ ಆಕೀ ಪಾಳಿ."

"ಆಕಿ ಇಂಡಿ ಊರಾಗಿನ ಅಕ್ಕನ ಮನೀಗೆ ಹೋಗಿದ್ಲು. ಶ್ರೀಶೈಲ ವಿಜಯಪುರದಾಗ. ಹಾಜರಿಯೊಳಗ ನಿಮ್ಮ ಸಹಿ ಐತಿ, 9.05."

"4417 ಯಾರ ಕೈಯಾಗ ಐತ್ರಿ?" ರಸೂಲಸಾಬ ಕೇಳಿದ.

ಜಯತೀರ್ಥನ ಭುಜ ಇಳಿಯಿತು. "ಈ ಊರಿಗೆ ಮೊದಲ ಕಂಪ್ಯೂಟರ್ ತಂದಾಂವ ನಾನು. ಆಕೀಗೆ ಮೌಸ್ ಹಿಡಿಯೂದು ಕಲಿಸಿದಾಂವ ನಾನು. ಈಗ ದೇವರ ಹಿಪ್ಪರಗಿಯಿಂದ ಬಸ್ಸಿಳಿದು ಬಂದ ಮುದುಕ್ಯಾರು ಬಾಗಿಲದಾಗ ನಿಂತು ಕೇಳತಾರ, ಸುನಂದಾ ಇಲ್ಲೇನ್ರಿ? ಇಲ್ಲಂದ್ರ ನಾಳೆ ಬರ್ತೇವಂತ ಹೊಳ್ಳಿ ಹೋಗತಾರ. ನಾ ಅಲ್ಲೇ ಕೂತಿರ್ತೇನಿ."

"ಅದಕ್ಕ ಮಾಡಿದ್ರಿ?"

"ಅದಕ್ಕಲ್ಲ." ಪೆನ್ನು ತೆಗೆದು ಮತ್ತೆ ಕಿಸೆಗಿಟ್ಟ. "ನಮ್ಮವ್ವಗ ಎಂಬತ್ತೆರಡು. ಎಂಬತ್ತು ದಾಟಿದವರಿಗೆ ಅಕ್ಟೋಬರದಿಂದನ ಬೆರಳೊತ್ತಾಕ ಬರತೈತಿ, ಆವಾಗ ಆಕೀ ಬೆರಳು ಹಿಡಿದೆ. ಗೆರಿ ಸವದಾವ, ಆರು ಸಲ ಒತ್ತಿಸಿದ್ರೂ ಬರಲಿಲ್ಲ. ಸುನಂದಾನ ಕಡೆ ಕರಕೊಂಡು ಹೋಗು ಅಂದ್ಲು. ಮರುದಿನ ಆಕಿ ಬಿಸಿನೀರಾಗ ಅರಿವಿ ಅದ್ದಿ ಒರೆಸಿ, ಒಂದ ಸಲಕ್ಕ ಹಿಡದ್ಲು. ಅವ್ವ ಆಕೀ ತಲಿ ಸವರಿದ್ಲು. ನನ್ನ ಎದುರಿಗೇ."

ಹೇಳಿಕೆ ಬರೆದುಕೊಳ್ಳುತ್ತಿದ್ದ ರಸೂಲಸಾಬ ತಲೆ ಎತ್ತಲಿಲ್ಲ. ಹಿಂದಿನ ದಿನದ ದಿನಚರಿಯಲ್ಲಿ, ದಾಖಲೆ ಪತ್ತೆ ಮಾಡಿದವರು ಎಂಬಲ್ಲಿ ಅವನು 'ಸಿಬ್ಬಂದಿ' ಎಂದು ಬರೆದಿದ್ದ. ಹಾಳೆ ಹಿಂದಕ್ಕೆ ತಿರುವಿ, ಅದನ್ನು ಹೊಡೆದು 'ಶುಭಾ' ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ.

5.35ಕ್ಕೆ ದಸ್ತಗಿರಿ ದಾಖಲಾಯಿತು. ಜಾಮೀನು ಸಿಗುವ ಕಲಂ. ಸುನಂದಾಳ ನೋಟಿಸನ್ನು ಶ್ರೀಶೈಲ ಠಾಣೆಯಲ್ಲೇ ಹರಿದ. ಒಂದು ವಾರ ಕೈಗುಣ ಎಂದವರಲ್ಲಿ ಯಾರೂ ಆಕೆಗೆ ಏನನ್ನೂ ಹೇಳಲು ಬರಲಿಲ್ಲ.

"ಮನೀಗೆ ತಿಳಸಬೇಕ್ರಿ. ಯಾರಿಗೆ ಫೋನ್ ಮಾಡೂಣು?" ರಸೂಲಸಾಬ ಜಯತೀರ್ಥನನ್ನು ಕೇಳಿದ.

"ಅವ್ವ ಒಬ್ಬಾಕೀನ. ಹೇಳಬ್ಯಾಡ್ರಿ."

"ಕಾಯ್ದೆ ಐತ್ರಿ."

ರಸೂಲಸಾಬ ಹೊರಗಿನ ಕಟ್ಟೆಗೆ ಹೋಗಿ ಜಯತೀರ್ಥನ ತಾಯಿ ಗೋದೂಬಾಯಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ. ಮುದುಕಿ ಕೇಳಿದ್ದು ಒಂದೇ ಮಾತು.

"ಆ ಹುಡುಗೀ ನೌಕರಿ ಉಳೀತದೇನಪಾ?"

"ಉಳೀತೈತ್ರಿ, ಆಯಿ."

ಒಳಗೆ ಬಂದಾಗ ಜಯತೀರ್ಥ ಬೆಂಚಿನಿಂದ ಅರ್ಧ ಎದ್ದಿದ್ದ. "ಏನಂದ್ಲ್ರಿ ಅವ್ವ?"

ರಸೂಲಸಾಬ ಫಾರಂ ತುಂಬಿದ: ಸಂಬಂಧಿಕರಿಗೆ ತಿಳಿಸಲಾಗಿದೆ, ಸಂಜೆ 5.50.

"ನೀವು ಊಟಾ ಮಾಡೀರೇನಂತ ಕೇಳಿದ್ರು," ಎಂದ.