ಹಳೆಯ ಸ್ಪೀಕರಿನಲ್ಲಿ ಅವಳ ಉಸಿರು

"ಮುಟ್ಬೇಡಿ!"

ಸ್ಪೀಕರ್ ಪೆಟ್ಟಿಗೆಯ ಹಿಂಬದಿಯ ಸ್ಕ್ರೂ ಬಿಚ್ಚಲು ಹೊರಟಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಎದುರಿಗಿದ್ದವನ ಬೆರಳುಗಳ ತುಂಬ ಅಚ್ಚಿನ ಮಸಿ. ಕಣ್ಣು ಕೆಂಪಾಗಿತ್ತು.

"ಮುಟ್ಟದೆ ರಿಪೇರಿ ಮಾಡೋ ಮಂತ್ರ ನನಗಿನ್ನೂ ಬಂದಿಲ್ಲ" ಎಂದಳು ಅವಳು.

ಅಪ್ಪ ಬಿಟ್ಟುಹೋದ ರೇಡಿಯೊ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಅವಳಿಗೆ ಬೀದಿಯವರು ಇಟ್ಟ ಹೆಸರು ಬೆಸುಗೆ ಅಕ್ಕ. ಅವಳ ಮಾತಿಗೆ ನಗದ ಗಿರಾಕಿಯೇ ಇರಲಿಲ್ಲ. ಇವನು ನಗಲಿಲ್ಲ.

"ಇದರಲ್ಲಿ ನನ್ನ ಹೆಂಡತಿ ಮಾತಾಡ್ತಾಳೆ... ಅವಳು ಹೋಗಿ ಎರಡು ವರ್ಷ ಆಯ್ತು. ಈಗ ಪೆಟ್ಟಿಗೆ ಕರಕರ ಅಂತಿದೆ."

ಅವಳ ನಗು ಅಲ್ಲೇ ಸತ್ತಿತು.

ಅವನಿಗೆ ಮುದ್ರಣಾಲಯದಲ್ಲಿ ರಾತ್ರಿ ಪಾಳಿ. ಹೆಂಡತಿಗೆ ಶಾಲೆಯಲ್ಲಿ ಹಗಲು ಪಾಠ. ಒಂದೇ ಮನೆಯಲ್ಲಿದ್ದರೂ ಮುಖ ನೋಡುವುದೇ ಅಪರೂಪ. ಅದಕ್ಕೇ ಅವಳು ದಿನವೂ ಒಂದೇ ಕ್ಯಾಸೆಟ್ಟಿನಲ್ಲಿ ಮಾತಾಡಿಟ್ಟು ಹೋಗುತ್ತಿದ್ದಳು. ಮರುದಿನ ಅದರ ಮೇಲೆಯೇ ಹೊಸ ಮಾತು. ಕೊನೆಗೆ ಉಳಿದದ್ದು ಒಂದೇ ದಿನದ ಮಾತು...

ಬೆಸುಗೆ ಅಕ್ಕ ಪೆಟ್ಟಿಗೆಯೊಳಗಿನ ಪುಟ್ಟ ಹಲಗೆಯನ್ನು ಹೊರತೆಗೆದು ತೋರಿಸಿದಳು.

"ದಪ್ಪ ದನಿ ದೊಡ್ಡ ಸ್ಪೀಕರಿಗೆ, ಸಣ್ಣ ದನಿ ಈ ಚಿಕ್ಕದಕ್ಕೆ. ಹಂಚೋದು ಈ ಹಲಗೆ. ಸಣ್ಣ ದನಿಗೆ ದಾರಿ ಬಿಡೋದು ಈ ಕೆಪಾಸಿಟರ್‌ಗಳು. ವಯಸ್ಸಾಗಿ ಒಣಗಿಹೋಗಿವೆ. ಬದಲಾಯಿಸ್ಲೇಬೇಕು."

"ದನಿ ಅವಳದ್ದೇ ಇರುತ್ತಲ್ವಾ?"

"ಅವರದ್ದೇ ಇರುತ್ತೆ."

ಅದೇ ಅಳತೆಯ ಕೆಪಾಸಿಟರ್‌ಗಳು ಬರುವುದು ತಡವಾಯಿತು. ಅವನು ದಿನಾ ಕೆಲಸಕ್ಕೆ ಮೊದಲು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಹೆಂಡತಿಯ ಬಗ್ಗೆಯೇ ಮಾತು. ಬೆಸುಗೆ ಅಕ್ಕ ತಲೆ ಬಗ್ಗಿಸಿ ಕೇಳುತ್ತಿದ್ದಳು.

ಯಾವಾಗಿನಿಂದ ಬಾಗಿಲ ಕಡೆ ನೋಡುತ್ತಾ ಕೂರತೊಡಗಿದೆ ಎಂದು ಅವಳಿಗೇ ತಿಳಿಯಲಿಲ್ಲ. 'ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದೀಯಲ್ಲೇ... ಛೀ!' ಎಂದು ತನ್ನನ್ನೇ ಬೈದುಕೊಂಡಳು.

ಬೆಸುಗೆ ಮುಗಿದ ದಿನ ಅವನೇ ಕ್ಯಾಸೆಟ್ ಹಾಕಿದ.

"ಊಟ ಮುಚ್ಚಿಟ್ಟಿದ್ದೀನಿ... ಬಿಸಿ ಮಾಡ್ಕೊಳ್ಳಿ... ಸೋಮಾರಿತನ ಮಾಡಿ ತಣ್ಣಗಿರೋದನ್ನೇ ತಿನ್ಬೇಡಿ..."

ಕಿವಿಯ ಪಕ್ಕ ನಿಂತು ಹೇಳಿದಂತಿತ್ತು. ಆದರೆ ಮಾತು ಮಾತಿನ ನಡುವೆ ಸೀಳಿದ ಕೊಳವೆಯಲ್ಲಿ ಗಾಳಿ ನುಗ್ಗಿದಂತೆ ಸದ್ದು. ಹಿಡಿದು, ಬಿಟ್ಟು, ಮತ್ತೆ ಎಳೆದುಕೊಳ್ಳುವ ಏದುಸಿರು!

"ಏನಿದು?" ಅವನ ಮುಖ ಬಿಳಿಚಿತು.

"ಅವರ ಉಸಿರು... ಮೊದ್ಲಿಂದ ಟೇಪಿನಲ್ಲಿತ್ತು. ಒಣಗಿದ ಕೆಪಾಸಿಟರ್ ಸಣ್ಣ ದನೀನ ತಡೀತಿತ್ತು, ಕೇಳಿಸ್ತಿರ್ಲಿಲ್ಲ ಅಷ್ಟೇ."

"ಸುಳ್ಳು! ಅವಳು ಗಟ್ಟಿಯಾಗಿದ್ಲು. ಇದ್ದಕ್ಕಿದ್ದಂತೆ ಒಂದು ದಿನ ಹೋಗಿಬಿಟ್ಲು. ಅವಳ ಮಾತು ಬಂದಾಗೆಲ್ಲ ನಿಮ್ಮ ಮುಖ ಬಾಡೋದು ನನಗೆ ಕಾಣಲ್ಲ ಅಂದ್ಕೊಂಡ್ರಾ? ಅವಳ ದನೀನ ಬೇಕಂತ್ಲೇ ಹಾಳು ಮಾಡಿದ್ರಿ!"

ಅವನ ಅರ್ಧ ಮಾತು ನಿಜವಾಗಿತ್ತಲ್ಲ...

"ಬೇಕಾದ್ರೆ ಹಳೇವನ್ನೇ ವಾಪಸ್ ಹಾಕ್ಕೊಡ್ತೀನಿ" ಎನ್ನುವಷ್ಟರಲ್ಲಿ ಅವನು ಪೆಟ್ಟಿಗೆ, ಕ್ಯಾಸೆಟ್ ಎರಡನ್ನೂ ಹೊತ್ತು ಹೋಗಿಯಾಗಿತ್ತು.

ಆಮೇಲೆ ಬೆಸುಗೆ ಅಕ್ಕ ಗಿರಾಕಿಗಳೊಡನೆ ತಮಾಷೆ ಮಾಡುವುದನ್ನೇ ಬಿಟ್ಟಳು. ಆ ಏದುಸಿರು ಅವಳ ಕಿವಿಯನ್ನೂ ಬಿಡಲಿಲ್ಲ. ಎಷ್ಟು ಕಷ್ಟಪಟ್ಟು ಆಡಿದ ಮಾತು ಅದು! ಪಾಪ, ಆ ಹೆಣ್ಣು...

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅವನು ಬಂದ. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ಹೊಸ್ತಿಲಲ್ಲೇ ನಿಂತ.

"ಅವಳ ಅಕ್ಕನಿಗೆ ಟೇಪ್ ಕೇಳಿಸ್ದೆ. ಕುಸಿದು ಕೂತ್ಬಿಟ್ರು." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹೃದಯದ ಕವಾಟ ಕೆಟ್ಟಿತ್ತಂತೆ. ಮೆಟ್ಟಿಲು ಹತ್ತೋಕೂ ಆಗ್ತಿರ್ಲಿಲ್ಲವಂತೆ. ನನಗೆ ಹೇಳ್ಬಾರ್ದು ಅಂತ ಅಕ್ಕನ ಹತ್ರ ಆಣೆ ಹಾಕಿಸ್ಕೊಂಡಿದ್ಲಂತೆ... ದಿನಾ ಅವಳ ದನಿ ಕೇಳ್ತಿದ್ದೆ. ಉಸಿರು ಕೇಳ್ಲಿಲ್ಲ!"

ಅವಳು ಸ್ಟೂಲನ್ನು ಮುಂದಕ್ಕೆ ಎಳೆದಿಟ್ಟಳು. ಅವನು ಕೂತು, ಮುಖ ಮುಚ್ಚಿಕೊಂಡು ಅತ್ತ. ಅವಳು ಕುಡಿಯಲು ನೀರು ತಂದಿಟ್ಟಳು.

ಅಳು ನಿಂತ ಮೇಲೆ ಅವನು ಹೇಳಿದ. "ನಿಮ್ಮ ಮೇಲೆ ಹಾಗೆ ಕೂಗಾಡ್ಬಾರ್ದಿತ್ತು."

"ಹೊಟ್ಟೆಕಿಚ್ಚು ಇತ್ತು. ಅದು ಸುಳ್ಳಲ್ಲ" ಎಂದಳು ನೆಲ ನೋಡುತ್ತಾ. "ಆದ್ರೆ ಕೆಲಸದಲ್ಲಿ ಅದನ್ನ ಬೆರೆಸ್ಲಿಲ್ಲ."

"ಗೊತ್ತು." ಅವನು ಅಂದ, "ನೀವು ಬಾಗಿಲ ಕಡೆ ನೋಡ್ತಾ ಕೂತಿರೋದು ಕಂಡಾಗ ನನಗೂ ಸಂತೋಷ ಆಗ್ತಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂತು, ನನ್ನ ಮೇಲೇ..."

ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ಅವಳನ್ನ ಮರೆಯೋಕಾಗಲ್ಲ ನನಗೆ."

"ಮರೀರಿ ಅಂತ ಯಾರು ಹೇಳಿದ್ರು?"

"ನೀವೂ ನೋವನ್ನ ಮುಚ್ಚಿಟ್ರೆ ನಾನು ತಡ್ಕೊಳ್ಳಲ್ಲ. ಏನಾದ್ರೂ ಆದ್ರೆ ಹೇಳ್ತೀರಾ?"

"ಹೇಳ್ತೀನಿ."

"ಈಗ ಏನಾಗ್ತಿದೆ?"

"ಈಗಾ... ಕೈ ನಡುಗ್ತಿದೆ."

ಅವನು ಮಸಿ ಮೆತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಆ ಕೈಯನ್ನು ಹಿಡಿದುಕೊಂಡ.