ಎರಡು ಆಂಪ್, ಒಂದೇ ದನಿ

"ನನ್ನ ದನೀನೇ ಕದ್ದುಬಿಟ್ಟಿದ್ದಾರೆ," ಎಂದರು ಗಿಟಾರ್ ಮೇಡಂ, ಬಾಗಿಲಲ್ಲೇ ನಿಂತು.

ಮಟಮಟ ಮಧ್ಯಾಹ್ನ. ಪರದೆ ದಾಟಿ ಬಂದ ಬಿಸಿಲು ನಮ್ಮ ಮಹಡಿಯ ನೆಲದ ಮೇಲೆ ನೀರಿನಂತೆ ಅಲುಗಾಡುತ್ತಿತ್ತು. ನನ್ನ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ ನಿವೃತ್ತಳಾದವಳು. ಬೀದಿಗೆಲ್ಲ ಅವಳು ಕಿವಿಯಕ್ಕ. ಏನಾದರೂ ಕಳೆದುಹೋದರೆ ಜನ ಪೊಲೀಸರಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಕೇಳುವುದು ಅವಳ ಕೆಲಸ, ಬರೆದಿಡುವುದು ನನ್ನದು.

"ಯಾರು ಕದ್ದಿದ್ದು?"

"ಇನ್ಯಾರು, ಆ ರಿಪೇರಿ ಮೇಸ್ತ್ರಿ! ಇಪ್ಪತ್ತು ವರ್ಷದ ಆಂಪ್, ಗಿಟಾರಿನ ದನಿ ಹೊರಡಿಸೋ ಪೆಟ್ಟಿಗೆ, ಗೊರಗೊರ ಅಂತಿತ್ತು ಅಂತ ಒಂದು ವಾರ ಅವರ ಹತ್ತಿರ ಬಿಟ್ಟಿದ್ದೆ. ಭಾನುವಾರ ಮನೆಗೆ ಬಂತು. ಗೊರಗೊರ ಹೋಗಿದೆ, ಜೊತೆಗೆ ಜೀವಾನೂ ಹೋಗಿದೆ. ಮೊದಲು ಜೇನು ಇಳಿದ ಹಾಗಿತ್ತು. ಈಗ ತಟ್ಟೆಗೆ ಚಮಚ ಬಡಿದ ಹಾಗೆ. ಒಳಗಿನ ಸಾಮಾನು ಬದಲಾಯಿಸಿದ್ದಾರೆ."

"ಅವರನ್ನ ಕೇಳಿದ್ರಾ?"

"ಕೇಳೋದೇನು ಬಂತು? ಅಂಗಡಿ ಮುಂದೆ ನಿಂತು ಕಳ್ಳ ಅಂತ ಇಡೀ ಬೀದಿಗೆ ಕೇಳೋ ಹಾಗೆ ಹೇಳಿದೀನಿ. ಸಂಜೆ ಐದಕ್ಕೆ ರೆಕಾರ್ಡಿಂಗು. ಅಷ್ಟರೊಳಗೆ ನನ್ನ ಸಾಮಾನು ವಾಪಸ್ ಬರದಿದ್ರೆ ಪೊಲೀಸ್ ಸ್ಟೇಷನ್ನೇ."

ಅವರ ಮಾತು ಆಗಲೇ ಕೆಲಸ ಮಾಡಿತ್ತು. ಬೇಕರಿಯವನು ರಿಪೇರಿಗೆ ಕೊಟ್ಟಿದ್ದ ರೇಡಿಯೋವನ್ನು ಬಿಚ್ಚಿದ ಹಾಗೆಯೇ ಎತ್ತಿಕೊಂಡು ಬಂದಿದ್ದ. ಇನ್ನು ಪೊಲೀಸರೂ ಹೋದರೆ ಮೇಸ್ತ್ರಿ ಅಂಗಡಿ ಮುಚ್ಚಬೇಕಾಗಿತ್ತು.

"ಸಾಮಾನು ಬದಲಾಗಿದೆ ಅಂತ ಹೇಗೆ ಹೇಳ್ತೀರಿ?"

"ಹೋಲಿಸಿ ನೋಡಿದೆ. ಸ್ಟುಡಿಯೋದಲ್ಲಿ ಬೇರೆ ಕಂಪನಿದೊಂದು ಆಂಪ್ ಇದೆ. ಹೋದ ವರ್ಷವೂ ಮನೆಗೆ ತಂದು ಪಕ್ಕದಲ್ಲಿಟ್ಟು ನುಡಿಸಿದ್ದೆ. ಆಗ ನನ್ನದು ಜೇನು, ಅದು ಸಕ್ಕರೆ ಪಾಕ. ನಿನ್ನೆ ಮತ್ತೆ ತಂದು ನೋಡಿದ್ರೆ ಎರಡೂ ಚಮಚ!"

ಕಿವಿಯಕ್ಕ ಕಣ್ಣು ತೆರೆದಳು. "ನಡೀರಿ, ಕೇಳೋಣ."

ಅವರ ಮನೆಯ ಮುಂದಿನ ಕೋಣೆಯಲ್ಲಿ ಆಂಪ್‌ಗಳೆರಡೂ ಮಾತು ಬಿಟ್ಟ ನೆಂಟರ ಹಾಗೆ ಅಕ್ಕಪಕ್ಕ ಕೂತಿದ್ದವು. ಮೇಡಂ ಅವರ ತಂಗಿ ಟೇಲರ್. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದು ನಮಗೆ ಟೀ ಕೊಟ್ಟಳು. ಆಮೇಲೆ ಎಡಗೈ ಬೆರಳ ತುದಿಗಳನ್ನು ಊದಿಕೊಂಡಳು. ತುದಿಗಳಲ್ಲಿ ಕೆಂಪು ಗೆರೆಗಳಿದ್ದವು. ಹೊಲಿಯುವವರ ಕೈ, ಪಾಪ, ಎಂದುಕೊಂಡೆ ನಾನು.

ಮೇಡಂ ಮೊದಲು ತಮ್ಮ ಆಂಪ್‌ನಲ್ಲಿ, ಆಮೇಲೆ ಸ್ಟುಡಿಯೋದ್ದರಲ್ಲಿ ಒಂದೇ ರಾಗ ನುಡಿಸಿದರು. ಎರಡೂ ಕಿವಿಗೆ ಚುಚ್ಚಿದವು.

"ಗಿಟಾರಿನಿಂದ ಆಂಪ್‌ಗೆ ಹೋಗೋ ಈ ಕೇಬಲ್ ಹೊಸದಾ?" ಕೇಳಿದಳು ಕಿವಿಯಕ್ಕ.

"ಹೂಂ, ಆಂಪ್ ಬಂದ ದಿನ ಅದರ ಮೇಲಿತ್ತು. ಮೇಸ್ತ್ರಿ ಇಟ್ಟಿರಬೇಕು. ಹಳೇದು ಸುರುಳಿ ಸುರುಳಿಯಾಗಿ ಹಂದಿ ಬಾಲದ ಹಾಗಿತ್ತು. ಅದು ಕಾಣಲಿಲ್ಲ, ಪೀಡೆ ತೊಲಗಿತು ಅಂದ್ಕೊಂಡೆ."

ಹೊಸ ಕೇಬಲಿಗೆ ಕಟ್ಟಿ ಬಂದಿದ್ದ ನೀಲಿ ಬಟ್ಟೆಯ ಪಟ್ಟಿ ಇನ್ನೂ ಕಿಟಕಿಯ ಮೇಲಿತ್ತು. ಅದರ ಅಂಚು ಗರಗಸದ ಹಲ್ಲಿನಂತಿತ್ತು. ಕಿವಿಯಕ್ಕ ಅದನ್ನು ಎತ್ತಿಕೊಂಡು ನನ್ನನ್ನು ಮೇಸ್ತ್ರಿಯ ಬಳಿಗೆ ಅಟ್ಟಿದಳು.

ಮೇಸ್ತ್ರಿ ಖಾಲಿ ಮೇಜಿನ ಮುಂದೆ ಕೂತು, ಆಗಲೇ ಹೊಳೆಯುತ್ತಿದ್ದ ಸ್ಕ್ರೂಡ್ರೈವರನ್ನು ಒರೆಸುತ್ತಿದ್ದರು. "ಕೇಬಲ್ಲಾ? ಬರೀ ಪೆಟ್ಟಿಗೆ ಬಂತಮ್ಮ, ಬರೀ ಪೆಟ್ಟಿಗೆ ಹೋಯ್ತು," ಎಂದರು. ನನ್ನ ಜೊತೆ ಬರಲು ಹಿಂಜರಿದರು. ಬೀದಿ ದಾಟುವಾಗ ತಲೆ ಎತ್ತಲಿಲ್ಲ.

ಎಲ್ಲರೂ ಕೂತ ಮೇಲೆ ಕಿವಿಯಕ್ಕ ಶುರುಮಾಡಿದಳು.

"ಮೇಡಂ, ಸ್ಟುಡಿಯೋ ಆಂಪನ್ನ ಮೇಸ್ತ್ರಿ ಮುಟ್ಟೇ ಇಲ್ಲ. ಆದ್ರೂ ಅದರ ಸಿಹಿನೂ ಹೋಗಿದೆ. ಅಂದ್ಮೇಲೆ ಕಳುವಾಗಿದ್ದು ಆಂಪ್ ಒಳಗಲ್ಲ. ಎರಡಕ್ಕೂ ಸೇರಿದ್ದು ಮೂರೇ: ನಿಮ್ಮ ಕೈ, ನಿಮ್ಮ ಗಿಟಾರು, ಈ ಕೇಬಲ್. ಕೈ, ಗಿಟಾರು ಹಳೇವೇ. ಕೇಬಲ್ ಹೊಸದು."

"ಯಃಕಶ್ಚಿತ್ ಕೇಬಲ್ಲಿಂದ ಇಷ್ಟಾ?"

ಮೇಸ್ತ್ರಿ ಮೆಲ್ಲಗೆ ಬಾಯಿಬಿಟ್ಟರು. "ಸುರುಳಿ ಕೇಬಲ್ ಬಿಡಿಸಿದ್ರೆ ತುಂಬಾ ಉದ್ದ, ಮೇಡಂ. ದನಿಯ ಚೂಪೆಲ್ಲ ದಾರಿಯಲ್ಲೇ ಸವೆದುಹೋಗುತ್ತೆ. ನಿಮ್ಮ ಜೇನು ಅಲ್ಲಿತ್ತು. ನಿಮ್ಮ ಹತ್ತಿರ ಅಂಥದ್ದಿತ್ತು ಅಂತ ನನಗೇನು ಗೊತ್ತು? ನೀವು ಬಾಯಿ ತೆರೆಯೋಕೂ ಬಿಡಲಿಲ್ಲ."

"ಕೇಬಲ್ ಇವರ ಅಂಗಡಿಗೆ ಹೋಗೇ ಇಲ್ಲ," ಎಂದಳು ಕಿವಿಯಕ್ಕ. "ಆ ವಾರವೆಲ್ಲ ಅದು ಈ ಮನೆಯಲ್ಲೇ ಇತ್ತು. ಹೊಸದಕ್ಕೆ ಕಟ್ಟಿದ್ದು ಲೈನಿಂಗ್ ಬಟ್ಟೆ. ಹಲ್ಲು ಹಲ್ಲಾಗಿ ಕತ್ತರಿಸೋ ಕತ್ತರಿ ಇರೋದು ಟೇಲರ್ ಹತ್ತಿರ, ರೇಡಿಯೋ ಮೇಸ್ತ್ರಿ ಹತ್ತಿರ ಅಲ್ಲ. ಅಷ್ಟೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ." ಅವಳು ತಂಗಿಯ ಕಡೆ ತಿರುಗಿದಳು. "ಸೂಜಿ ಚುಚ್ಚಿದ್ರೆ ಚುಕ್ಕೆ ಬೀಳುತ್ತೆ, ಮಗಳೇ. ನಿನ್ನ ಎಡಗೈ ಮೇಲಿರೋದು ಗೆರೆ. ಗಿಟಾರಿನ ತಂತಿಯ ಗೆರೆ."

ತಂಗಿ ಎದ್ದು ಒಳಗೆ ಹೋಗಿ ಸುರುಳಿ ಕೇಬಲ್ ತಂದು ಅಕ್ಕನ ಮಡಿಲಲ್ಲಿಟ್ಟಳು.

"ನೀನು ಬಿಟ್ಟ ಹಳೇ ಗಿಟಾರು, ಆ ಪುಟ್ಟ ಆಂಪ್ ನನ್ನ ಹತ್ತಿರವೇ ಇತ್ತಲ್ಲ. ನೀನು ಹೊರಗೆ ಹೋದಾಗ ನುಡಿಸ್ತಿದ್ದೆ. ಅದಕ್ಕೆ ಅಂತ ಈ ಹೊಸ ಕೇಬಲ್ ನಾನೇ ತಂದಿದ್ದು. ಏನು ನುಡಿಸಿದ್ರೂ ತಗಡು. ನನ್ನ ಕೈಯೇ ಇಷ್ಟು ಅಂದ್ಕೊಂಡಿದ್ದೆ. ಆ ವಾರ ನಿನ್ನ ಕೇಬಲ್ ಸುಮ್ಮನೆ ಬಿದ್ದಿತ್ತು. ಹಾಕಿ ನೋಡಿದೆ..." ಅವಳ ದನಿ ತಗ್ಗಿತು. "ನಿನ್ನ ಹಾಗೇ ಕೇಳಿಸ್ತು, ಅಕ್ಕ. ಒಬ್ಬಳೇ ಅತ್ತುಬಿಟ್ಟೆ. ಹಂದಿ ಬಾಲ ತಾನೆ, ಹೊಸದಿಟ್ರೆ ಖುಷಿಪಡ್ತೀಯ ಅಂದ್ಕೊಂಡೆ. ನೀನು ಬೀದಿಗೆ ಹೋಗಿ ಕೂಗಾಡಿದ ಮೇಲೆ ಹೇಳೋಕೆ ಬಾಯೇ ಬರಲಿಲ್ಲ."

"ಕೇಳಿದ್ರೆ ಕೊಡ್ತಿರಲಿಲ್ವೇನೇ?"

"ನೀನು ಕೊಡ್ತಿದ್ದೆ. ಬಟ್ಟೆ, ಗಿಟಾರು, ಇರೋಕೊಂದು ಕೋಣೆ, ಎಲ್ಲ ಕೊಟ್ಟಿದ್ದೀಯ. ಇದೊಂದನ್ನಾದ್ರೂ ಕೇಳಿ ತಗೋಬಾರದು ಅನ್ನಿಸ್ತು."

ನಾನು ನನ್ನ ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಾನೂ ಒಬ್ಬಳ ತಂಗಿಯೇ.

ಮೇಡಂ ಬಹಳ ಹೊತ್ತು ಸುರುಳಿಯನ್ನು ಎಳೆಯುತ್ತ, ಬಿಡುತ್ತ ಕೂತಿದ್ದರು. ಆಮೇಲೆ ಮೇಸ್ತ್ರಿಗೆ ಕೈಮುಗಿಯಲು ಹೋದರು.

"ಇಲ್ಲಿ ಬೇಡ," ಎಂದಳು ಕಿವಿಯಕ್ಕ. "ಬೈದಿದ್ದು ಎಲ್ಲಿ?"

ನಾಲ್ಕೂವರೆಗೆ ಸ್ಟುಡಿಯೋಗೆ ಹೊರಟಾಗ ಮೇಡಂ ಆಂಪ್‌ನ ಒಂದು ತುದಿ ಹಿಡಿದರು, ಮೇಸ್ತ್ರಿ ಇನ್ನೊಂದು. ಗಿಟಾರು, ಕೇಬಲ್ ಹೊತ್ತು ತಂಗಿ ಹಿಂದೆ. ಬೇಕರಿ, ಔಷಧಿ ಅಂಗಡಿ, ಇಸ್ತ್ರಿ ಅಂಗಡಿ, ಒಂದೊಂದರ ಮುಂದೆಯೂ ಮೇಡಂ ಆಂಪನ್ನು ನೆಲಕ್ಕಿಟ್ಟು ಹೇಳಿದರು: "ಇದನ್ನ ರಿಪೇರಿ ಮಾಡಿದ್ದು ಇವರು. ಚೆನ್ನಾಗಿ ಮಾಡಿದ್ದಾರೆ. ತಪ್ಪು ನನ್ನದು."

"ಸಾಕು ಮೇಡಂ, ಹೊತ್ತಾಯ್ತು," ಎಂದರು ಮೇಸ್ತ್ರಿ ಮೂರನೆಯ ಅಂಗಡಿಯ ಮುಂದೆ.

"ಆಗ್ಲಿ ಬಿಡಿ. ಇನ್ನೂ ಎಂಟು ಅಂಗಡಿ ಇದೆ," ಎಂದು ಮೇಡಂ ಮತ್ತೆ ಬಗ್ಗಿ ಹಿಡಿಕೆಗೆ ಕೈಹಾಕಿದರು.